ಅಷ್ಟು ಜನ ಹೇಳ್ತಾರೆ ಅಂದ್ರೆ

ಡೊಂಬಿವಲಿ ಪೂರ್ವ
ಭಾನುವಾರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೇಲ್ ಬಂತು. ಫೋನಿನಲ್ಲಿ ಓದಿದರೆ ನನಗೆ ಕಣ್ಣು ಉರಿಯುತ್ತದೆ ಅಂತ ನಿನ್ನ ಅಣ್ಣ ಪ್ರಿಂಟ್ ತೆಗೆದುಕೊಟ್ಟ. ಅವನು ಓದಿಲ್ಲ, ಹೆದರಬೇಡ. ಹಾಳೆ ಹೊರಗೆ ಬರುವಾಗ ನಾನೇ ಪ್ರಿಂಟರಿನ ಪಕ್ಕ ನಿಂತಿದ್ದೆ. ಉತ್ತರ ಕೈಯಲ್ಲೇ ಬರೆಯುತ್ತಿದ್ದೇನೆ. ಜೀವನವಿಡೀ ಟೈಪ್ ಮಾಡಿದ್ದು ಇಂಗ್ಲಿಷ್, ಕನ್ನಡ ನನಗೆ ಕೈಬರಹದಲ್ಲೇ ಬರುವುದು. ಫೋಟೊ ತೆಗೆದು ಕಳಿಸುತ್ತೇನೆ, ಅಕ್ಷರ ಗೊತ್ತಾಗದಿದ್ದರೆ ಫೋನ್ ಮಾಡು.

ನೀನು ಪುಣೆಯಲ್ಲೇ ಹಿಂಜೇವಾಡಿಯ ಕಂಪನಿ ಬಿಟ್ಟು ಖರಾಡಿಯ ಕಂಪನಿಗೆ ಯಾಕೆ ಹೋದೆ, ಅದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಎತ್ತುವುದಿಲ್ಲ. ಹಳೇ ಆಫೀಸಿನವರು ಹಿಂದಿನಿಂದ ಆಡಿಕೊಳ್ಳುತ್ತಾರೆ ಅಂತ ಬರೆದದ್ದಕ್ಕೂ ನನಗೆ ಆಶ್ಚರ್ಯ ಆಗಲಿಲ್ಲ. ಆಡಿಕೊಳ್ಳದ ಆಫೀಸನ್ನು ನಾನಂತೂ ಕಂಡಿಲ್ಲ. ಎರಡನೇ ಹಾಳೆಯ ಕೆಳಗೆ ಒಂದು ಸಾಲು ಇದೆಯಲ್ಲ, ಅಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. “ದೊಡ್ಡಮ್ಮ, ಅಷ್ಟು ಜನ ಹೇಳ್ತಾರೆ ಅಂದ್ರೆ ಏನೋ ಒಂದಿಷ್ಟು ನಿಜ ಇರಬೇಕಲ್ವಾ?”

ಪುಟ್ಟಿ, ಇದನ್ನು ಯಾವ ಹೊತ್ತಿನಲ್ಲಿ ಬರೆದೆ? ರಾತ್ರಿ ಅಂತ ಕಾಣುತ್ತದೆ. ಹಗಲಿನಲ್ಲಿ ನೀನು ಹೀಗೆ ಬರೆಯುವವಳಲ್ಲ.

ಅವರು ಹೇಳುವ ಮಾತು ಕೊಳಕು. ಮ್ಯಾನೇಜರ್ ಜೊತೆ ಒಬ್ಬಳು ಹುಡುಗಿ ಹೊಸ ಕಂಪನಿಗೆ ಹೋದರೆ ಜನ ಏನು ಹೇಳುತ್ತಾರೆ ಅಂತ ಊಹಿಸಲು ನಾನು ಐಟಿಯಲ್ಲಿ ಕೆಲಸ ಮಾಡಬೇಕಾಗಿಲ್ಲ. ಅದೇ ಮ್ಯಾನೇಜರ್ ಜೊತೆ ಇಬ್ಬರು ಹುಡುಗರೂ ಹೋಗಿದ್ದಾರಲ್ಲ, ಅವರ ಬಗ್ಗೆ ಯಾರಾದರೂ ಒಂದು ಮಾತು ಆಡಿದರಾ? ಇಲ್ಲ. ಇರಲಿ. ಆ ಮಾತಿಗೆ ನನಗೆ ಸಿಟ್ಟು ಬಂತು, ಹೋಯಿತು. ನಿನ್ನ ಆ ಸಾಲು ಮಾತ್ರ ಹೋಗುತ್ತಿಲ್ಲ. ಹೊರಗಿನವರು ಆಡಿದ್ದು ಹೊರಗೇ ಇದ್ದರೆ ಒಂದು ಲೆಕ್ಕ. ನೀನು ಅದನ್ನು ಒಳಗೆ ಕರೆದು ಕೂರಿಸಿಕೊಂಡಿದ್ದೀಯಲ್ಲ, ಅದು ನನಗೆ ಹೆದರಿಕೆ.

ಯಾಕೆ ಅಷ್ಟು ಹೆದರಿಕೆ ಅಂತ ಹೇಳಬೇಕಾದರೆ ನನ್ನ ಮಿಲ್ಲಿನ ದಿನಗಳನ್ನು ಹೇಳಬೇಕು. ನಾನು ಮುಂಬೈ ಪರೇಲಿನ ಬಟ್ಟೆ ಮಿಲ್ಲಿನಲ್ಲಿ ಸ್ಟೆನೊ ಆಗಿದ್ದೆ ಅಂತ ನಿನಗೆ ಗೊತ್ತು. ಬಿಟ್ಟದ್ದು ಹೇಗೆ ಅಂತ ನಿನ್ನ ಅಮ್ಮನಿಗೂ ಸರಿಯಾಗಿ ಹೇಳಿಲ್ಲ. ಅವಳಾಗ ಊರಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಳು.

1982ರ ಜನವರಿ 18ಕ್ಕೆ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಯೂನಿಯನ್ ಲೀಡರ್ ದತ್ತಾ ಸಾಮಂತರ ಮುಷ್ಕರ ಅಂತಲೇ ಅದಕ್ಕೆ ಹೆಸರು. ಎರಡೂವರೆ ಲಕ್ಷದಷ್ಟು ಕಾರ್ಮಿಕರು. ಲಾಲ್‌ಬಾಗ್, ಪರೇಲ್, ವರ್ಲಿ, ಎಲ್ಲ ಕಡೆ ಭೋಂಗಾ, ಅಂದರೆ ಮಿಲ್ಲಿನ ಸೈರನ್, ನಿಂತುಹೋಯಿತು. ಬೆಳಿಗ್ಗೆ ಆ ಭೋಂಗಾ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಜನ ನಾವು. ಒಂದು ತಿಂಗಳಲ್ಲಿ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಂಡರು. ವರ್ಷ ಕಳೆಯಿತು. ಆ ಮುಷ್ಕರವನ್ನು ಹಿಂತೆಗೆದುಕೊಂಡಿದ್ದೇವೆ ಅಂತ ಕೊನೆಗೂ ಯಾರೂ ಹೇಳಲಿಲ್ಲ, ಸುಮ್ನೆ ಕರಗಿಹೋಯಿತು. ರತ್ನಾಗಿರಿ, ಸಾತಾರಾ ಕಡೆಯವರು ಗಂಟು ಕಟ್ಟಿಕೊಂಡು ಊರಿಗೆ ಹೋದರು. ಇಲ್ಲೇ ಉಳಿದವರಲ್ಲಿ ಕೆಲವರು ಕೈಗಾಡಿಯಲ್ಲಿ ತರಕಾರಿ ಮಾರಿದರು. ನಾವು ಆಫೀಸಿನವರು ಮುಷ್ಕರದಲ್ಲಿ ಇರಲಿಲ್ಲ. ಆದರೆ ನೂಲೇ ಇಲ್ಲದ ಮಿಲ್ಲಿನಲ್ಲಿ ಆಫೀಸಿಗೆ ಸಂಬಳ ಎಲ್ಲಿಂದ? ಒಂದು ತಿಂಗಳು ಅರ್ಧ, ಒಂದು ತಿಂಗಳು ಇಲ್ಲವೇ ಇಲ್ಲ.

ನನ್ನ ಕೆಲಸ ಸಾಹೇಬರ ಕ್ಯಾಬಿನ್ನಿನಲ್ಲಿ. ಅವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು, ಹೊರಗೆ ಬಂದು ಟೈಪ್ ಮಾಡುವುದು, ಕಾರ್ಬನ್ ಕಾಪಿ ಫೈಲಿಗೆ ಹಾಕುವುದು. ಹೊರಗೆ ಮೂರ್ನಾಲ್ಕು ಟೈಪ್‌ರೈಟರಿನ ಗಲಾಟೆ, ಅದಕ್ಕೆ ಬಾಗಿಲು ಹಾಕುತ್ತಿದ್ದರು. ಮೊದಲಿನಿಂದಲೂ ಹಾಗೇ. ಮುಷ್ಕರ ಶುರುವಾದ ಮೇಲೆ ಅದೇ ಬಾಗಿಲಿಗೆ ಎಲ್ಲರ ಕಣ್ಣು. ನಾನು ಹೊರಗೆ ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದರು, ನನ್ನ ಮುಖದಲ್ಲೇ ಸಂಬಳದ ತಾರೀಕು ಬರೆದಿದೆಯೋ ಎನ್ನುವ ಹಾಗೆ. “ಏನು ಬರೆಸಿದರು?” ಅಂತ ಕೇಳುವರು. ಸ್ಟೆನೊ ಆದವಳು ಹೇಳಬಾರದು. ನಾನು ಹೇಳಲಿಲ್ಲ. ಹೇಳಲು ದೊಡ್ಡ ವಿಷಯ ಏನೂ ಇರಲೂ ಇಲ್ಲ. ಬ್ಯಾಂಕಿಗೆ ಓವರ್‌ಡ್ರಾಫ್ಟ್ ಕಾಗದ, ಹತ್ತಿ ಕೊಟ್ಟವರಿಗೆ ಇನ್ನಷ್ಟು ವಾಯಿದೆ ಕೇಳುವ ಕಾಗದ. ಮಿಲ್ಲು ಮುಳುಗುತ್ತಿದೆ ಅಂತ ತಿಳಿಯಲು ಕ್ಯಾಬಿನ್ನಿನ ಒಳಗೆ ಹೋಗಬೇಕಾಗಿರಲಿಲ್ಲ. ಗೇಟಿನ ಹತ್ತಿರ ನಿಂತರೆ ಸಾಕಿತ್ತು.

1983ರಲ್ಲಿ ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಬಲ್ಲಾರ್ಡ್ ಎಸ್ಟೇಟಿನಲ್ಲಿ ಟೈಪಿಂಗ್ ಟೆಸ್ಟ್, ಡಿಕ್ಟೇಶನ್ ಟೆಸ್ಟ್, ಎರಡು ಸಲ ಇಂಟರ್‌ವ್ಯೂ. ಕೆಲಸ ಸಿಕ್ಕಿತು. ನಿನ್ನ ಅಣ್ಣ ಆಗ ಎರಡು ವರ್ಷದ ಮಗು, ಬಿಡದೆ ಎಂತ ಮಾಡುವುದು?

ನಾನು ಬಿಟ್ಟ ಮೇಲೆ ಏನು ಹೇಳಿದರು ಅಂತ ನನಗೆ ತಿಳಿಯಲು ಹದಿನೈದು ದಿನವೂ ಬೇಕಾಗಲಿಲ್ಲ. “ಒಳಗಿನ ವಿಷಯವೆಲ್ಲ ಗೊತ್ತಿತ್ತು, ತಾನು ಪಾರಾದಳು, ನಮಗೆ ಬಾಯಿ ಬಿಡಲಿಲ್ಲ.” ಇದು ಶುರು. ಆಮೇಲೆ ಒಂದಕ್ಕೆರಡು ಸೇರಿತು. “ಯಾರು ಯೂನಿಯನ್ ಸಭೆಗೆ ಹೋಗುತ್ತಾರೆ ಅಂತ ಸಾಹೇಬರ ಕಿವಿಗೆ ಹಾಕುತ್ತಿದ್ದವಳು ಇವಳೇ.”

ಅಕೌಂಟ್ಸಿನಲ್ಲಿ ನನಗೊಬ್ಬಳು ಗೆಳತಿ ಇದ್ದಳು. ಚಿಪಳೂಣದವಳು, ಡೊಂಬಿವಲಿಯಲ್ಲೇ ಮನೆ. ಸಂಜೆ ದಾದರಿನಿಂದ ಒಂದೇ ಫಾಸ್ಟ್ ಲೋಕಲ್ಲು, ಲೇಡೀಸ್ ಡಬ್ಬಿ, ಮೆಂತೆ ಸೊಪ್ಪು ಬಿಡಿಸುತ್ತಾ ಬರುತ್ತಿದ್ದೆವು. ಅವಳ ಮಡಿಲಲ್ಲಿ ಪೇಪರ್ ಹಾಸಿ ನಾನು ಎಲೆ ಹಾಕುವುದು, ಕಡ್ಡಿ ನನ್ನ ಚೀಲಕ್ಕೆ. ಠಾಣೆ ದಾಟುವಾಗ ಎರಡು ಮನೆಯ ಪಲ್ಯ ತಯಾರು. ಹೊಸ ಕೆಲಸಕ್ಕೆ ಹೋದ ಮೇಲೆ ನಾನು ಟ್ರೇನು ಹೊರಡುವ ವಿ.ಟಿ. ಸ್ಟೇಷನ್ನಿನಲ್ಲೇ ಹತ್ತುತ್ತಿದ್ದೆ. ಸೀಟು ಸಿಗುತ್ತಿತ್ತು. ಅವಳಿಗೆ ಅಂತ ಪಕ್ಕದಲ್ಲಿ ಚೀಲ ಇಟ್ಟುಕೊಂಡು ದಾದರಿನವರೆಗೆ ಎಲ್ಲರ ಹತ್ತಿರ ಬೈಸಿಕೊಂಡು ಕೂತಿದ್ದೆ. ಹತ್ತಿದಳು. ನನ್ನನ್ನು ನೋಡಿದಳು, ಚೀಲ ಎತ್ತಿದ್ದನ್ನೂ ನೋಡಿದಳು. ಬಾಗಿಲ ಹತ್ತಿರದ ಕಂಬ ಹಿಡಿದುಕೊಂಡು ಡೊಂಬಿವಲಿಯವರೆಗೆ ನಿಂತೇ ಬಂದಳು. ಮರುದಿನವೂ ಹಾಗೇ. ಆ ಜಾಗದಲ್ಲಿ ಬೇರೆ ಯಾರೋ ಕೂತರು. ದಸರಾಕ್ಕೆ ಟ್ರೇನಿನ ಡಬ್ಬಿಗೆ ಚೆಂಡುಹೂವಿನ ತೋರಣ ಕಟ್ಟಿ ಪೂಜೆ ಮಾಡಿ ಪೇಡೆ ಹಂಚುತ್ತಾರಲ್ಲ, ಪೇಡೆಯ ಡಬ್ಬ ನನ್ನ ಎಡಗಡೆಯವಳವರೆಗೆ ಬಂತು. ಅಲ್ಲಿಂದ ಎದುರು ಸಾಲಿಗೆ ಹೋಯಿತು.

ನಿನ್ನ ದೊಡ್ಡಪ್ಪನಿಗೆ ಹೇಳಿದೆ. ಅವರು ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಮುಂಬೈ ಫೋರ್ಟಿನ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿ ಮೇಲೆ ಬಂದವರು. ಅವರಿಗೆ ಇಂಥದ್ದಕ್ಕೆಲ್ಲ ಪುರುಸೊತ್ತಿಲ್ಲ. “ಊರ ಬಾಯಿಗೆ ಬೀಗ ಹಾಕ್ಲಿಕ್ಕೆ ಆಗ್ತದಾ? ಬೇರೆ ಟ್ರೇನಿಗೆ ಹೋಗು” ಎಂದರು. ನಾನೂ ಬೇರೆ ಟ್ರೇನಿಗೆ ಹೋದೆ. ಒಂದು ಗಂಟೆ ತಡವಾದ ಟ್ರೇನು. ಅದರಲ್ಲಿ ಯಾರೂ ನನ್ನ ಪರಿಚಯದವರಿಲ್ಲ, ನೆಮ್ಮದಿ. ಮನೆಗೆ ಬರುವಾಗ ಮಗು ಪಕ್ಕದ ಮನೆಯಲ್ಲಿ ಊಟ ಮಾಡಿ ನಿದ್ದೆ ಹೋಗಿರುತ್ತಿತ್ತು. ಎಷ್ಟು ವರ್ಷ ಹೀಗೆ ನಡೆಯಿತು ಅಂತ ಬರೆಯಲು ಮನಸ್ಸಿಲ್ಲ. ಆ ಒಂದು ಗಂಟೆ ನನಗೆ ಈಗಲೂ ನೋಯುತ್ತದೆ. ಆಡಿಕೊಂಡವರು ಅದನ್ನು ತೆಗೆದುಕೊಂಡು ಹೋಗಲಿಲ್ಲ, ಅವರಿಗೆ ಗೊತ್ತೂ ಇಲ್ಲ.

ಇನ್ನೂ ಒಂದಿದೆ. ಹೇಳಬೇಕೋ ಬೇಡವೋ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ರಾತ್ರಿ ಮಲಗಿದಾಗ ನನಗೂ ನಿನ್ನ ಪ್ರಶ್ನೆಯೇ ಬರುತ್ತಿತ್ತು. ಅಷ್ಟು ಜನ ಹೇಳುತ್ತಾರೆ ಅಂದರೆ? ಒಂದು ಸಲ ಡಿಕ್ಟೇಶನ್ ಮುಗಿದ ಮೇಲೆ ಸಾಹೇಬರು “ಹೊರಗೆ ಹೇಗಿದೆ?” ಅಂತ ಕೇಳಿದ್ದರು. “ಎಲ್ಲರಿಗೂ ಚಿಂತೆ ಆಗಿದೆ ಸರ್” ಎಂದಿದ್ದೆ. ಅಷ್ಟೇ. ಅದೇ ಚಾಡಿ ಆಯಿತಾ? ಆ ಮಾತಿನಿಂದ ಯಾರಿಗಾದರೂ ತೊಂದರೆ ಆಯಿತಾ? ಹೇಳುವಾಗ ನನ್ನ ಧ್ವನಿ ಹೇಗಿತ್ತು? ಇಲ್ಲದ ಕಳ್ಳಿಯನ್ನು ನನ್ನೊಳಗೆ ನಾನೇ ಹುಡುಕಿದೆ. ಹುಡುಕಿದರೆ ಸಿಗದೆ ಇರುತ್ತಾ ಮಾರಾಯ್ತಿ? ಎಂಥ ಒಳ್ಳೆಯವರೂ ಒಂದು ಮಾತು ಹೆಚ್ಚು ಆಡಿರುತ್ತಾರೆ, ಒಂದು ಕಡೆ ಸುಮ್ಮನಿರಬಾರದಲ್ಲಿ ಸುಮ್ಮನಿದ್ದಿರುತ್ತಾರೆ. ಅದನ್ನು ಹಿಡಿದುಕೊಂಡು “ನೋಡು, ಅವರು ಹೇಳಿದ್ದು ಇದನ್ನೇ” ಅಂತ ಮನಸ್ಸು ಸಾಕ್ಷಿ ಹೇಳುತ್ತದೆ.

ಅದಕ್ಕೇ ನಿನ್ನ ಪ್ರಶ್ನೆಗೆ “ಏನೂ ನಿಜ ಇಲ್ಲ” ಅಂತ ನಾನು ಬರೆಯುವುದಿಲ್ಲ. ಬರೆದರೆ ನೀನು ನಂಬುವುದೂ ಇಲ್ಲ. ನಿಜ ಒಂದು ಚೂರು ಇದ್ದೇ ಇರುತ್ತದೆ. ಇಲ್ಲದಿದ್ದರೆ ಮಾತು ಅಂಟುವುದೇ ಇಲ್ಲ. ನಾನು ಬಾಗಿಲು ಹಾಕಿದ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದದ್ದು ನಿಜ. ನಿನ್ನ ಹೆಸರನ್ನು ನಿನ್ನ ಮ್ಯಾನೇಜರ್ ಹೊಸ ಕಂಪನಿಗೆ ಸೂಚಿಸಿದ್ದು ನಿಜ. ಆಮೇಲೆ ಮೂರು ಸುತ್ತು ಇಂಟರ್‌ವ್ಯೂ ಆದದ್ದೂ ನಿಜ. ಅದರಲ್ಲಿ ಒಂದನ್ನು ಪುಣೆಯಲ್ಲೇ ಇಲ್ಲದ, ನಿನ್ನನ್ನು ನೋಡಿಯೇ ಇರದ ಯಾರೋ ತೆಗೆದುಕೊಂಡದ್ದು, ರಾತ್ರಿ ಹತ್ತಕ್ಕೆ ನೀನು ನಮ್ಮ ಒಳಕೋಣೆಯಲ್ಲಿ ಕೂತು ಉತ್ತರ ಕೊಟ್ಟದ್ದು, ಅದನ್ನು ನಾನೇ ಕಂಡಿದ್ದೇನೆ. ಅವರಿಗೆ ಮೊದಲನೆಯದು ಬೇಕಾಯಿತು, ಉಳಿದದ್ದು ಬೇಡವಾಯಿತು. ಗೊತ್ತಿರುವವರ ಹೆಸರು ಸೂಚಿಸುವುದು ನಿಮ್ಮ ಕಂಪನಿಗಳಲ್ಲಿ ಮಾಮೂಲು, ಸೂಚಿಸಿದವರಿಗೆ ದುಡ್ಡೂ ಕೊಡುತ್ತಾರೆ ಅಂತ ನಿನ್ನ ಅಣ್ಣನೇ ಹೇಳುತ್ತಾನೆ. ಹಾಗಾದರೆ ಅದರಲ್ಲಿ ಕದ್ದುಮುಚ್ಚಿ ಮಾಡಿದ್ದು ಎಂತ?

ಇನ್ನು ನಿನ್ನ ಸಾಲಿನ ಮೊದಲ ಭಾಗ. “ಅಷ್ಟು ಜನ.” ಎಷ್ಟು ಜನ?

ಕೆಲಸದಿಂದ ನಿವೃತ್ತಿ ಆಗುವ ಮೊದಲು ನನ್ನನ್ನು ಆಫೀಸಿನ ಒಂದು ಸಮಿತಿಗೆ ಹಾಕಿದ್ದರು. 2013ರ ಕಾಯಿದೆ ಬಂದಿತ್ತಲ್ಲ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಂಥ ಸಮಿತಿ ಇರಲೇಬೇಕು. ಹಿರಿಯ ಹೆಂಗಸು, ಜಗಳಕ್ಕೆ ಹೋಗುವವಳಲ್ಲ ಅಂತ ನನ್ನನ್ನು ಹಾಕಿದರು. ಒಬ್ಬಳು ದೂರು ಕೊಟ್ಟಳು. ಅವಳ ಬಗ್ಗೆ ಇಡೀ ಆಫೀಸು ಒಂದು ಮಾತು ಆಡುತ್ತಿತ್ತು, ನಿನ್ನದೇ ಥರದ ಮಾತು. ಯಾರು, ಎಲ್ಲಿ, ಏನಾಯಿತು ಅಂತ ಬರೆಯಲಾರೆ. ಗುಟ್ಟು ಕಾಪಾಡಬೇಕು ಅಂತ ಕಾಯಿದೆಯಲ್ಲೇ ಇದೆ. ಒಳಗೆ ಕೂತು ಕೇಳಿದ್ದು ಹೇಗಿತ್ತು ಅಂತ ಮಾತ್ರ ಹೇಳುತ್ತೇನೆ. ಬಂದವರಿಗೆಲ್ಲ ನಾವು ಒಂದೇ ಪ್ರಶ್ನೆ ಕೇಳಿದೆವು. ನೀವು ಕಣ್ಣಾರೆ ನೋಡಿದ್ದೀರಾ? “ಇಲ್ಲ ಮೇಡಂ, ಎಲ್ಲರೂ ಹೇಳ್ತಾರೆ.” ಎಲ್ಲರೂ ಅಂದರೆ ಯಾರು? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಬ್ಬರ ಹೆಸರು ಹೇಳುವರು. ಅವರನ್ನು ಕರೆದರೆ ಅವರೂ “ಎಲ್ಲರೂ” ಎಂದೇ ಶುರು ಮಾಡಿ ಇನ್ನೊಬ್ಬರ ಹೆಸರು ಹೇಳುವರು. ಒಬ್ಬರಂತೂ ತಮ್ಮ ಹಿಂದೆ ಬಂದವರ ಹೆಸರನ್ನೇ ಹೇಳಿದರು, ಅವರು ಇವರದ್ದನ್ನು ಹೇಳಿ ಹೋಗಿದ್ದರು. ಕೊನೆಗೆ ಉಳಿದದ್ದು ಒಂದು ಬಾಯಿ. ಆ ಬಾಯಿ “ನಾನು ತಮಾಷೆಗೆ ಹೇಳಿದ್ದು” ಎಂದಿತು.

ಅವತ್ತು ಮನೆಗೆ ಬರುವಾಗ ಟ್ರೇನಿನಲ್ಲಿ ನನಗೆ ಅಳು ಬಂತು. ಆ ಹುಡುಗಿಗಾಗಿ ಅಂತ ಪಕ್ಕದವರು ತಿಳಿದುಕೊಳ್ಳಲು ಅವರಿಗೆ ವಿಷಯ ಗೊತ್ತಿರಲಿಲ್ಲ, ಸುಮ್ನೆ ನೀರಿನ ಬಾಟಲಿ ಕೊಟ್ಟರು. ನಾನು ಅತ್ತದ್ದು ಮಿಲ್ಲಿಗೆ. ಅಲ್ಲಿಯೂ ಎಲ್ಲರೂ ಅಂದರೆ ಎಷ್ಟು ಜನ ಇದ್ದಿರಬಹುದು ಅಂತ ಮೂವತ್ತು ವರ್ಷ ತಡವಾಗಿ ಯೋಚಿಸಿದೆ.

ಅದಕ್ಕೇ ಹೇಳುವುದು. ಬೇಕಾದರೆ ನೀನೇ ಒಂದು ಹಾಳೆಯಲ್ಲಿ ಬರೆದು ನೋಡು. ನೀನೇ ಕಿವಿಯಾರೆ ಕೇಳಿದ್ದು ಯಾರ ಬಾಯಿಂದ? “ಅವಳು ಹೀಗಂದಳಂತೆ” ಅಂತ ಬಂದದ್ದು ಎಷ್ಟು? ಅದನ್ನು ನಿನಗೆ ತಂದು ಮುಟ್ಟಿಸುವುದು ಯಾರು? ನಿನ್ನ ಮೇಲ್ ಪೂರ್ತಿ ಹುಡುಕಿದರೆ ನನಗೆ ಸಿಕ್ಕಿದ ಹೆಸರು ಎರಡು. ಅದರಲ್ಲಿ ಒಬ್ಬಳು “ನಿನ್ನ ಒಳ್ಳೇದಕ್ಕೇ ಹೇಳ್ತೀನಿ” ಅಂತ ರಾತ್ರಿ ಮೆಸೇಜ್ ಮಾಡುವವಳು. ಅವಳ ಮೇಲೆ ನನಗೆ ಅನುಮಾನ. ಪರಿಚಯ ಇಲ್ಲದವಳ ಬಗ್ಗೆ ಹೀಗೆ ಹೇಳಬಾರದು, ಆದರೂ ಹೇಳಿದೆ. ಅವಳು ಸುದ್ದಿ ತಂದಾಗ “ಸರಿ” ಅಂತ ಒಂದು ಮಾತು ಬರೆದು ಬಿಡು. ಏನು, ಯಾರು, ಯಾವಾಗ ಅಂತ ಕೇಳಬೇಡ. ನೀನು ಕೇಳಿದ್ದೂ ಆಚೆಗೆ ಹೋಗುತ್ತದೆ.

ಅವರ ಸಿಟ್ಟಿನ ಬಗ್ಗೆಯೂ ಒಂದು ಮಾತು. ನೀವು ನಾಲ್ಕು ಜನ ಒಟ್ಟಿಗೆ ಹೋದಿರಿ, ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ ಅಂತ ಬರೆದಿದ್ದೀಯ. ಅಂದರೆ ಆ ಕೆಲಸವನ್ನೆಲ್ಲ ಯಾರು ಮಾಡುತ್ತಿದ್ದಾರೆ? ಅವರೇ ಅಲ್ವಾ. ಮನೆಗೆ ಹೋಗುವಾಗ ಹತ್ತು ಗಂಟೆ, ಶನಿವಾರವೂ ಇಲ್ಲ. ಮಿಲ್ಲಿನಲ್ಲಿ ನನ್ನ ಗೆಳತಿಗೆ ಸಂಬಳ ಇಲ್ಲದೆ ಗಂಡನ ಊರಿಂದ ಅಕ್ಕಿ ತರಿಸುವ ಪರಿಸ್ಥಿತಿ ಬಂದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ನಾನು ವಿ.ಟಿ.ಯಿಂದ ಸೀಟಿನಲ್ಲಿ ಕೂತು ಬರುತ್ತಿದ್ದೆ, ಒಂದನೇ ತಾರೀಕಿಗೆ ಸಂಬಳ. ಅವಳಿಗೆ ನನ್ನನ್ನು ನೋಡಿದರೆ ಹೇಗಾಗುತ್ತಿತ್ತೋ. ಸಿಟ್ಟು ಬರಲು ಅವರಿಗೆ ಕಾರಣ ಇರಬಹುದು. ಸಿಟ್ಟಿಗೆ ಕಾರಣ ಇದ್ದ ಮಾತ್ರಕ್ಕೆ ಆಡಿದ ಮಾತು ನಿಜ ಆಗುವುದಿಲ್ಲ. ನೀನು ಇವೆರಡನ್ನೂ ಕಲಸಿಕೊಂಡಿದ್ದೀಯ ಅಂತ ನನಗೆ ಕಾಣುತ್ತದೆ. ಅವರ ಕಷ್ಟಕ್ಕೆ ಅಯ್ಯೋ ಪಾಪ ಅನ್ನಿಸಿದರೆ ಅನ್ನಿಸಲಿ, ಅದಕ್ಕೆ ಅವರು ಹೊರಿಸಿದ್ದನ್ನೆಲ್ಲ ಹೊತ್ತುಕೊಳ್ಳಬೇಕಾಗಿಲ್ಲ.

ನಿನಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಬರೆಯಬೇಕಲ್ಲ. ನಿಮ್ಮ ಐಟಿ ನನಗೆ ಅಷ್ಟಕ್ಕಷ್ಟೇ, ತಪ್ಪಿದ್ದರೆ ಬಿಟ್ಟುಬಿಡು. ಹೊಸ ಕಂಪನಿಯವರು ಹಳೇ ಕಡೆ ವಿಚಾರಿಸಿದರೆ ಇದೆಲ್ಲ ಅಲ್ಲಿಗೂ ಬರುತ್ತದೆ ಅಂತ ಹೆದರಿದ್ದೀಯ. ನಮ್ಮ ಬಿಲ್ಡಿಂಗಿನ ಮೇಲಿನ ಮನೆಯ ಹುಡುಗಿ ಐರೋಲಿಯಲ್ಲಿ ಇದೇ ವಿಚಾರಣೆಯ ಕೆಲಸ ಮಾಡುತ್ತಾಳೆ. ಅವಳನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಅವರು ಎಚ್‌ಆರ್‌ಗೆ ಬರೆದು ಸೇರಿದ ತಾರೀಕು, ಬಿಟ್ಟ ತಾರೀಕು, ಹುದ್ದೆ, ಸಂಬಳ ಇಷ್ಟು ತಾಳೆ ನೋಡುತ್ತಾರಂತೆ. ಕೆಲವು ಕಡೆ ನೀನೇ ಹೆಸರು ಕೊಟ್ಟ ಹಿರಿಯರಿಗೆ ಫೋನ್ ಮಾಡುತ್ತಾರೆ. ಪಕ್ಕದ ಟೇಬಲಿನವರನ್ನು ಹುಡುಕಿಕೊಂಡು ಹೋಗಿ ಕೇಳಲು ಅವಳಿಗೆ ದಿನಕ್ಕೆ ಅಷ್ಟು ಟೈಮೇ ಇಲ್ಲ ಅಂತ ನಕ್ಕಳು. ಹಾಗಾಗಿ ಕಾಗದ ಸರಿ ಇಟ್ಟುಕೋ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಫಾರ್ಮ್ 16, ಸಂಬಳದ ಚೀಟಿಗಳು, ಎಲ್ಲ ನಿನ್ನ ಸ್ವಂತ ಮೇಲಿನಲ್ಲಿ ಇರಲಿ. ಪಿಎಫ್‌ನಲ್ಲಿ ನೀನು ಬಿಟ್ಟ ತಾರೀಕು ಹಾಕಿದ್ದಾರಾ ನೋಡು, ಹಾಕದಿದ್ದರೆ ಮುಂದೆ ಹಣ ವರ್ಗ ಮಾಡುವಾಗ ತಲೆನೋವು. ಐದು ವರ್ಷ ತುಂಬಿದೆ ತಾನೆ? ಗ್ರ್ಯಾಚುಟಿ ಕೇಳು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಆಡಿಕೊಳ್ಳುವವರ ಮುಖ ನೋಡಬಾರದು ಅಂತ ಹಕ್ಕಿನ ದುಡ್ಡು ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ.

ಪಿಎಫ್ ಎಂದ ಕೂಡಲೇ ನೆನಪಾಯಿತು. ಆ ಗೆಳತಿ ನನಗೆ ಮತ್ತೆ ಸಿಕ್ಕಿದ್ದು ಬಾಂದ್ರಾದ ಪಿಎಫ್ ಆಫೀಸಿನ ಕ್ಯೂನಲ್ಲಿ. ಎಷ್ಟೋ ವರ್ಷ ಆಗಿತ್ತು. ಕೂದಲು ಪೂರ್ತಿ ಬೆಳ್ಳಗೆ. ಮಿಲ್ಲಿನ ಪಿಎಫ್ ಹಣಕ್ಕೆ ಇನ್ನೂ ಓಡಾಡುತ್ತಿದ್ದಳು. ನನ್ನನ್ನು ನೋಡಿ “ಪೆನ್ನಿದೆಯಾ?” ಅಂತ ಮರಾಠಿಯಲ್ಲಿ ಕೇಳಿದಳು. ಕೊಟ್ಟೆ. ಫಾರ್ಮಿನ ಯಾವ ಕಾಲಂನಲ್ಲಿ ಏನು ಬರೆಯಬೇಕು ಅಂತ ಕೇಳಿದಳು, ಹೇಳಿದೆ. ಮಗನಿಗೆ ಕೆಲಸ ಸಿಕ್ಕಿದ್ದು, ಸೊಸೆ ಬಂದದ್ದು ಹೇಳಿದಳು. ನಾನು ಒಳಗೊಳಗೇ ಕಾಯುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ. ಅವಳ ನಂಬರ್ ಬಂತು, ಕೌಂಟರಿಗೆ ಹೋದಳು. ಪೆನ್ನಿಗೆ ಕ್ಯಾಪ್ ಹಾಕಿ ವಾಪಸ್ ಕೊಟ್ಟು ಹೋದಳು. ಅವಳಿಗೆ ಅದೆಲ್ಲ ನೆನಪೇ ಇರಲಿಲ್ಲವೋ, ನೆನಪಿದ್ದೇ ಪೆನ್ನು ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಚಹಾಕ್ಕೆ ಕರೆಯಲಿಲ್ಲವಲ್ಲ ಅಂತ ಆಗಾಗ ಅನ್ನಿಸುತ್ತದೆ. ಡೊಂಬಿವಲಿಯಲ್ಲಿ ಅವಳ ಮನೆ ಇದ್ದ ಚಾಳನ್ನು ಕೆಡವಿ ಏಳು ಮಾಳಿಗೆ ಕಟ್ಟಿದ್ದಾರೆ. ಈಗ ಹುಡುಕುವುದೆಲ್ಲಿ?

ನಿನ್ನ ಹಳೇ ಆಫೀಸಿನಲ್ಲಿ ಅಂಥವಳು ಒಬ್ಬಳು ಇದ್ದಾಳೆ, ನನಗೆ ಗೊತ್ತು. ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದಿರಿ. ಅವಳ ಹೆಸರು ಈ ಸಲದ ಮೇಲಿನಲ್ಲಿ ಎಲ್ಲೂ ಇಲ್ಲ, ಅದು ನನ್ನ ಗಮನಕ್ಕೆ ಬಂತು. ಎಫ್‌ಸಿ ರೋಡಿನ ವೈಶಾಲಿಗೆ ಒಂದು ಸಲ ಕರೆದು ನೋಡು. ನಮ್ಮ ಕಡೆಯವರು ಕಟ್ಟಿದ ಹೋಟೆಲು, ಜನಜಂಗುಳಿ, ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. “ನೀನೂ ಹಾಗೇ ಅಂದುಕೊಂಡಿದ್ದೀಯಾ?” ಅಂತ ನೇರ ಕೇಳು. ಹೌದು ಎಂದರೆ ದೋಸೆ ತಿಂದು ಎದ್ದು ಬಾ. ಅವಳೊಬ್ಬಳನ್ನೇ ಕೇಳು, ಉಳಿದವರಿಗೆಲ್ಲ ವಿವರಣೆ ಕೊಡಲು ಹೋಗಬೇಡ. ಕರೆಯಲು ಮನಸ್ಸಿಲ್ಲದಿದ್ದರೆ ಅದೂ ಸರಿ, ನಾನೇನು ಒತ್ತಾಯ ಮಾಡುವುದಿಲ್ಲ.

ಹಳೇ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಯಾಕೆ ಇದ್ದೀಯ? ಹೊರಗೆ ಬಂದರೆ ಎಲ್ಲರಿಗೂ ತಿಳಿಯುತ್ತದೆ ಅಂತ ಹೆದರಿಕೆಯಾ? ಈಗ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದಂತೆ, 2022ರಿಂದ ಹಾಗೆ ಮಾಡಿದ್ದಾರೆ. ನಮ್ಮ ಸೊಸೈಟಿಯ ಗುಂಪಿನಿಂದ ನಾನು ಹಾಗೇ ಸದ್ದಿಲ್ಲದೆ ಹೊರಬಿದ್ದೆ, ಒಂದು ತಿಂಗಳಾದರೂ ಯಾರೂ ಕೇಳಲಿಲ್ಲ. ಸ್ವಲ್ಪ ಬೇಜಾರೂ ಆಯಿತು ಅನ್ನು.

ಆದರೆ ಹೊರಗೆ ಬರುವ ಮೊದಲು, ಕೊಳಕಾಗಿ ಏನಾದರೂ ಬರೆದಿದ್ದರೆ ಅಳಿಸಬೇಡ. ತಾರೀಕು, ಹೆಸರು ಕಾಣುವ ಹಾಗೆ ಫೋಟೊ ತೆಗೆದು ಇಟ್ಟುಕೋ. ಆ ಕಂಪನಿಯ ಸಮಿತಿಗೆ ದೂರು ಕೊಡುವುದಾದರೆ ಮೂರು ತಿಂಗಳ ಒಳಗೆ ಕೊಡಬೇಕು ಅಂತ ನಿಯಮ. ಮಾನಹಾನಿಯ ಕೇಸು ಬೇರೆ ಇದೆ. ಮೊದಲು ಐಪಿಸಿ 499, 500 ಎನ್ನುತ್ತಿದ್ದರು, 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ 356ನೇ ಸೆಕ್ಷನ್ನು. ಎರಡು ವರ್ಷದವರೆಗೆ ಶಿಕ್ಷೆ ಇದೆ. ಕೆಳಗಿನ ಮನೆಯ ವಕೀಲರು ಹೇಳಿದ್ದು. ನಮ್ಮ ಕಾಲದಲ್ಲಿ ಇಂಥ ಸಮಿತಿ ಎನ್ನುವುದೇ ಇರಲಿಲ್ಲ, ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದೇ 1997ರಲ್ಲಿ. ನೀನು ಕೋರ್ಟು ಕಚೇರಿ ಅಲೆಯಬೇಕು ಅಂತ ನನಗೆ ಆಸೆ ಇಲ್ಲ. ದಾರಿ ಇದೆ ಅಂತ ತಿಳಿದಿದ್ದರೆ ಧೈರ್ಯ ಅಂತ ಬರೆದೆ. ಅಲೆಯಲೇಬೇಕು ಅಂತ ನಿನಗೆ ಅನ್ನಿಸಿದರೆ ನಾನು ಜೊತೆಗೆ ಬರುತ್ತೇನೆ, ಮೊಣಕಾಲು ನೋವು ಒಂದು ಕಡೆ ಇರಲಿ.

ಹೊಸ ಆಫೀಸಿನಲ್ಲಿ ಈ ಕಥೆ ಯಾರ ಹತ್ತಿರವೂ ಬಿಚ್ಚಬೇಡ. ಅವರು ಕೇಳುವ ಮೊದಲೇ ನಾನು ಹಾಗಲ್ಲ ಅಂತ ಹೇಳಿಕೊಂಡು ತಿರುಗಬೇಡ. ನಾನು ಬಲ್ಲಾರ್ಡ್ ಎಸ್ಟೇಟಿನಲ್ಲಿ ಮೊದಲ ವರ್ಷವೆಲ್ಲ ಹೀಗೇ ಇದ್ದೆ. ಸಾಹೇಬರ ಕ್ಯಾಬಿನ್ನಿನಿಂದ ಹೊರಗೆ ಬಂದ ಕೂಡಲೇ, ಯಾರೂ ಕೇಳದಿದ್ದರೂ, “ಏನಿಲ್ಲ, ಮಾಮೂಲು ಲೆಟರು” ಎನ್ನುತ್ತಿದ್ದೆ. ಪಕ್ಕದವಳು ಒಂದು ದಿನ “ನಿನ್ನನ್ನು ಯಾರು ಕೇಳಿದರು?” ಎಂದಳು. ನಾಚಿಕೆ ಆಯಿತು. ಮ್ಯಾನೇಜರ್ ಜೊತೆ ಮಾತಾಡಲೂ ಹಿಂಜರಿಯುತ್ತೇನೆ, ಮೀಟಿಂಗಿನಲ್ಲಿ ದೂರ ಕೂರುತ್ತೇನೆ ಅಂತ ನೀನು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನನಗೆ ಇದು ನೆನಪಾದದ್ದು. ಅವರ ಹತ್ತಿರ ಕೆಲಸ ಕಲಿಯಲು ಹೋದವಳು ನೀನು. ಹಿಂಜೇವಾಡಿಯಲ್ಲಿ ಕೂತವರು ಖರಾಡಿಯಲ್ಲಿ ನಿನ್ನ ಕುರ್ಚಿ ಎಲ್ಲಿರಬೇಕು ಅಂತ ಹೇಳುವುದಾದರೆ ನೀನು ಆ ಕೆಲಸ ಬಿಟ್ಟದ್ದಾದರೂ ಯಾಕೆ?

ನಿನ್ನ ಅಮ್ಮನಿಗೆ ನಾನು ಏನೂ ಹೇಳಿಲ್ಲ. ಹೇಳಿದರೆ ಅವಳು ರಾತ್ರೋರಾತ್ರಿ ಬಸ್ಸು ಹತ್ತುತ್ತಾಳೆ, ಆಮೇಲೆ ಮದುವೆ ಮಾತು ಶುರುವಾಗುತ್ತದೆ. ನಿನಗೆ ಬೇಕಾದಾಗ ನೀನೇ ಹೇಳು.

ಮುಂದಿನ ಶನಿವಾರ ಬಾ. ಬೆಳಿಗ್ಗೆ ಸಿಂಹಗಡ ಎಕ್ಸ್‌ಪ್ರೆಸ್ ಹಿಡಿದು ಕಲ್ಯಾಣದಲ್ಲಿ ಇಳಿ, ಅಲ್ಲಿಂದ ಲೋಕಲ್ಲಿನಲ್ಲಿ ಎರಡು ಸ್ಟೇಷನ್ನು. ಕೆಸುವಿನ ಎಲೆ ಸಿಕ್ಕಿದರೆ ಪತ್ರೊಡೆ ಮಾಡುತ್ತೇನೆ. ಫೋನಿನಲ್ಲಿ ಆ ಮೆಸೇಜುಗಳು ಇದ್ದಾವಲ್ಲ, ಹಾಗೇ ತಾ. ಕನ್ನಡಕ ಹಾಕಿಕೊಂಡು ಕೂರುತ್ತೇನೆ, ಒಂದೊಂದನ್ನೇ ಒಟ್ಟಿಗೆ ಓದೋಣ. ಯಾರು ಬರೆದದ್ದು, ಯಾರು ಕೇಳಿ ಬರೆದದ್ದು ಅಂತ ನಾನು ಸಮಿತಿಯಲ್ಲಿ ಕೇಳಿದ ಹಾಗೇ ಕೇಳುತ್ತೇನೆ, ಬೇಸರ ಮಾಡಬೇಡ. ಅಲ್ಲಿಯವರೆಗೆ ರಾತ್ರಿ ಒಬ್ಬಳೇ ಕೂತು ಅದನ್ನು ಓದಬೇಡ ಪುಟ್ಟಿ.

ನಿನ್ನ
ದೊಡ್ಡಮ್ಮ